ಎಸ್ಟೇಟ್ ಮ್ಯಾನೇಜರ್ ಇಂಟರ್‌ವ್ಯೂ: ಮೂರು ಸುತ್ತು ಆದ ಮೇಲೆ "ಬಜೆಟ್ ಬರೆದುಕೊಡಿ" ಅಂದರೆ ಕೊಡಬೇಕಾ?

ಸಂಪು_ಮೋಟಾರು ಕೇಳಿದ್ದು:

ಬೆಂಗಳೂರಿನ ದೊಡ್ಡ ಅಪಾರ್ಟ್‌ಮೆಂಟುಗಳಲ್ಲಿ ಎಸ್ಟೇಟ್ ಮ್ಯಾನೇಜರ್ ಇಂಟರ್‌ವ್ಯೂ ಹೇಗೆ ನಡೆಯುತ್ತೆ ಅಂತ ಒಳಗಿನವರು ಸ್ವಲ್ಪ ಬಿಡಿಸಿ ಹೇಳಿ.

ವಿಷಯ ಇಷ್ಟು. 320 ಫ್ಲ್ಯಾಟ್, ನಾಲ್ಕು ಟವರ್, ಎಂಟು ಲಿಫ್ಟ್, ಎರಡು ಡಿಜಿ (ಡೀಸೆಲ್ ಜನರೇಟರ್), ಬೇಸ್‌ಮೆಂಟಿನಲ್ಲಿ ಎಸ್‌ಟಿಪಿ (ಕೊಳಚೆ ನೀರು ಶುದ್ಧಿ ಮಾಡುವ ಪ್ಲಾಂಟ್). ಸಂಬಳ ಕೊಡುವುದು ಎಫ್‌ಎಂ (ಕಟ್ಟಡದ ನಿರ್ವಹಣೆ ನೋಡಿಕೊಳ್ಳುವ ಫೆಸಿಲಿಟಿ ಮ್ಯಾನೇಜ್‌ಮೆಂಟ್) ಕಂಪನಿ, ಆರಿಸುವುದು ನಿವಾಸಿಗಳ ಅಸೋಸಿಯೇಷನ್. ಮೊದಲ ಸುತ್ತು ಎಚ್‌ಆರ್ ಫೋನಿನಲ್ಲಿ, ಎರಡನೆಯದು ಕಂಪನಿಯ ಆಪರೇಷನ್ಸ್ ಮ್ಯಾನೇಜರ್ ಹತ್ತಿರ, ಮೂರನೆಯದು ಭಾನುವಾರ ಬೆಳಿಗ್ಗೆ ಕ್ಲಬ್‌ಹೌಸಿನಲ್ಲಿ ಕಮಿಟಿಯ ಏಳು ಜನರ ಎದುರು. ಒಬ್ಬರು ಎಸ್‌ಟಿಪಿ ಕೇಳಿದರೆ ಪಕ್ಕದವರು ಜಿಎಸ್‌ಟಿ, ಅವರ ಪಕ್ಕದವರು ಬೀದಿನಾಯಿ. ಕೊನೆಗೆ "ಮುಂದಿನ ವರ್ಷದ ಬಜೆಟ್ ಮಾಡಿ, ಸೈಟ್ ಆಡಿಟ್ ರಿಪೋರ್ಟ್ ಜೊತೆ ಮೇಲ್ ಹಾಕಿ, ನೋಡೋಣ" ಅನ್ನುತ್ತಾರೆ. ಸಂಬಳ ತಿಂಗಳಿಗೆ 45,000 ಸಿಟಿಸಿ, ಅಂದರೆ ನೌಕರನ ಮೇಲೆ ಕಂಪನಿ ಮಾಡುವ ಒಟ್ಟು ಖರ್ಚು. ಕೈಗೆಷ್ಟು ಅಂದರೆ "ಅದನ್ನ ಎಚ್‌ಆರ್ ಹೇಳ್ತಾರೆ". ಎಚ್‌ಆರ್ ಕೇಳಿದರೆ "ಕ್ಲೈಂಟ್ ಓಕೆ ಅನ್ನಲಿ".

ಮೂರು ಪ್ರಶ್ನೆ. ಕಮಿಟಿಯವರ ಟೆಕ್ನಿಕಲ್ ಪ್ರಶ್ನೆಗಳಿಗೆ ಸೈಟ್ ನೋಡದೆ ಉತ್ತರ ಕೊಡೋದು ಹೇಗೆ? ಬಜೆಟ್, ಆಡಿಟ್ ರಿಪೋರ್ಟ್ ಪುಕ್ಕಟೆ ಬರೆದುಕೊಡಬೇಕಾ? 45,000ದಲ್ಲಿ ಕೈಗೆ ಬರುವುದೆಷ್ಟು?

ಪಂಪ್‌ರೂಮ್_ಕೀಲಿ:

ಸೈಟ್ ನೋಡದೆ ಉತ್ತರ ಕೊಡಲೇಬೇಡಿ. "ಅರ್ಧ ಗಂಟೆ ಕೊಡಿ ಸರ್, ಎಸ್‌ಟಿಪಿ, ಪಂಪ್ ರೂಮ್, ಡಿಜಿ ಯಾರ್ಡ್ ನೋಡಿ ಬಂದು ಕೂತ್ಕೋತೀನಿ" ಅನ್ನಿ. ಟೆಕ್ನಿಷಿಯನ್ ಒಬ್ಬನನ್ನ ಜೊತೆ ಕಳಿಸಲಿ. ಬೇಡ ಅಂದರೆ ಅದೂ ಒಂದು ಮಾಹಿತಿಯೇ, ಬರೆದಿಟ್ಟುಕೊಳ್ಳಿ.

ಎಸ್‌ಟಿಪಿಯಲ್ಲಿ ಮೊದಲು ಮೂಗು, ಆಮೇಲೆ ಕಣ್ಣು. ಏರೇಷನ್ ಟ್ಯಾಂಕಿನ (ಕೊಳಚೆಗೆ ಗಾಳಿ ಊದುವ ತೊಟ್ಟಿ) ನೀರು ಹಾಲು ಕಡಿಮೆ ಹಾಕಿದ ಕಾಫಿ ಬಣ್ಣ, ಮಣ್ಣಿನ ವಾಸನೆ ಇದ್ದರೆ ಪ್ಲಾಂಟ್ ಬದುಕಿದೆ. ಕಪ್ಪಗಿದ್ದು ಕೊಳೆತ ಮೊಟ್ಟೆ ವಾಸನೆ ಬಂದರೆ ಗಾಳಿ ಸಾಲ್ತಿಲ್ಲ: ಬ್ಲೋಯರ್ ಅರ್ಧ ಹೊತ್ತು ಆಫ್ ಮಾಡಿ ಕರೆಂಟ್ ಉಳಿಸ್ತಿದಾರೆ, ಇಲ್ಲಾ ತಳದಲ್ಲಿ ಗಾಳಿಗುಳ್ಳೆ ಬಿಡೋ ಡಿಫ್ಯೂಸರ್ ಕಟ್ಟಿದೆ. ಎರಡನೆಯದಾದರೆ ಟ್ಯಾಂಕಿನ ಒಂದು ಮೂಲೆ ಸುಮ್ಮನೆ ನಿಂತಿರುತ್ತೆ, ಇನ್ನೊಂದು ಮೂಲೆ ಅನ್ನ ಉಕ್ಕಿದ ಹಾಗೆ ಕುದೀತಿರುತ್ತೆ. ಬಿಳಿ ನೊರೆ ಮೊಣಕಾಲೆತ್ತರ ನಿಂತಿದ್ದರೆ ಹೊಸ ಸ್ಲಡ್ಜ್ (ಕೊಳಚೆ ತಿನ್ನೋ ಸೂಕ್ಷ್ಮಜೀವಿಗಳ ಗಸಿ) ಅಥವಾ ಸೋಪಿನ ಪುಡಿ. ಜಿಡ್ಡು ಜಿಡ್ಡಾದ ಕಂದು ನೊರೆ ಆದರೆ ಹಳೇ ಸ್ಲಡ್ಜ್ ತೆಗೆದೇ ಇಲ್ಲ.

ಆಪರೇಟರ್ ಹತ್ತಿರ ಒಂದು ಲೀಟರ್ ಅಳತೆ ಜಾಡಿ ಇದೆಯಾ ಕೇಳಿ. ಏರೇಷನ್ ಟ್ಯಾಂಕಿನ ನೀರು ತುಂಬಿಸಿ 30 ನಿಮಿಷ ಅಲುಗಾಡಿಸದೆ ಇಟ್ಟರೆ ಗಸಿ ಎಲ್ಲಿಗೆ ಕೂರುತ್ತೆ ಅನ್ನೋದೇ ಎಸ್‌ವಿ 30. 250 ರಿಂದ 350 ಮಿಲಿ ಇದ್ದರೆ ಸರಿ. ಎಂಎಲ್‌ಎಸ್‌ಎಸ್ (ಆ ನೀರಿನಲ್ಲಿರೋ ಗಸಿಯ ತೂಕ, ಲೀಟರಿಗೆ ಮಿಲಿಗ್ರಾಂ) 3,000 ಇದ್ದು ಗಸಿ 300 ಕೂತರೆ ಎಸ್‌ವಿಐ (ಒಂದು ಗ್ರಾಂ ಗಸಿ ಹಿಡಿಯೋ ಜಾಗ, ಮಿಲಿಯಲ್ಲಿ) 100, ಚೆನ್ನಾಗಿದೆ. ಎಸ್‌ವಿಐ 150 ದಾಟಿದರೆ ಗಸಿ ಹಗುರ ಆಗಿ ತೇಲ್ತಿದೆ ಅಂತ ಲೆಕ್ಕ, ಗಸಿ ಕೂರಿಸೋ ಕ್ಲ್ಯಾರಿಫೈಯರ್ ತೊಟ್ಟಿಯಿಂದ ಆಚೆ ಹೋಗಿ ಫಿಲ್ಟರಿನ ಮರಳೆಲ್ಲ ಕಟ್ಟಿಕೊಳ್ಳುತ್ತೆ. ಜಾಡಿಗೆ ಧೂಳು ಹಿಡಿದಿದ್ದರೆ ಲಾಗ್‌ಬುಕ್‌ನಲ್ಲಿ ದಿನಾ 300 ಅಂತ ಬರೆದಿರೋದು ಹೇಗೆ ಅಂತ ನೀವೇ ಯೋಚನೆ ಮಾಡಿ. ಒಂದು ತಿಂಗಳ ಪುಟ ಪೂರ್ತಿ ಒಂದೇ ಪೆನ್ನು, ಒಂದೇ ಕೈ, ಎಲ್ಲಾ ದಿನ ಪಿಎಚ್ 7.2 ಇದ್ದರೆ ಆ ಪುಸ್ತಕ ಮಾಲಿನ್ಯ ನಿಯಂತ್ರಣ ಮಂಡಳಿಯವರಿಗೋಸ್ಕರ ಬರೆದಿದ್ದು.

ಈಗ ಲೆಕ್ಕ. 320 ಮನೆ, ಮನೆಗೆ 4 ಜನ, ತಲೆಗೆ 135 ಲೀಟರ್ ಅಂದರೆ ದಿನಕ್ಕೆ 1,72,800 ಲೀಟರ್. ಅದರಲ್ಲಿ ಶೇ. 80 ಚರಂಡಿಗೆ ಬಂದರೆ ಸುಮಾರು 138 ಕೆಎಲ್‌ಡಿ (ದಿನಕ್ಕೆ ಎಷ್ಟು ಸಾವಿರ ಲೀಟರ್ ಅನ್ನೋ ಲೆಕ್ಕ). ಎಸ್‌ಟಿಪಿ ಫ್ಲೋ ಮೀಟರ್ ದಿನಕ್ಕೆ 60 ತೋರಿಸ್ತಿದ್ದರೆ ಮೀಟರ್ ಜಾಮ್ ಆಗಿದೆ, ಇಲ್ಲಾ ಅರ್ಧ ಮನೆ ಖಾಲಿ ಇದೆ, ಇಲ್ಲಾ ಬೈಪಾಸ್ ತೆರೆದು ರಾಜಕಾಲುವೆಗೆ ಬಿಡ್ತಿದಾರೆ. ಮೂರರಲ್ಲಿ ಯಾವುದು ಅಂತ ಕಮಿಟಿ ಮುಂದೆ ಹೇಳೋಕೆ ಹೋಗಬೇಡಿ. "ಈ ಎರಡು ಅಂಕಿ ತಾಳೆ ಆಗ್ತಿಲ್ಲ, ಯಾಕೆ ಅಂತ ಒಂದು ವಾರ ನೋಡಬೇಕು" ಅಂದರೆ ಸಾಕು. ಎಸ್‌ಟಿಪಿ ಕೇಳಿದವರು ಅಲ್ಲೇ ನೆಟ್ಟಗೆ ಕೂರ್ತಾರೆ.

ಡಿಜಿಗೂ ಹೀಗೇ. ಒಂದು ಲೀಟರ್ ಡೀಸೆಲ್‌ಗೆ 3 ರಿಂದ 3.5 ಯೂನಿಟ್ ಬರಬೇಕು. ಲಾಗ್‌ನಲ್ಲಿ 900 ಯೂನಿಟ್‌ಗೆ 400 ಲೀಟರ್ ಇದ್ದರೆ ಲೀಟರಿಗೆ 2.25 ಬಂತು. ತಕ್ಷಣ ಕಳ್ಳತನ ಅಂದುಬಿಡಬೇಡಿ. 500 ಕೆವಿಎ ಸೆಟ್ಟನ್ನ ರಾತ್ರಿ ಕಾರಿಡಾರ್ ಲೈಟಿಗೂ ಎರಡು ಲಿಫ್ಟಿಗೂ ಓಡಿಸಿದರೆ ಲೋಡ್ ಶೇ. 30ಕ್ಕಿಂತ ಕೆಳಗಿರುತ್ತೆ, ಡೀಸೆಲ್ ಪೂರ್ತಿ ಸುಡಲ್ಲ, ಸೈಲೆನ್ಸರಲ್ಲಿ ಕಪ್ಪು ಎಣ್ಣೆ ಜಿನುಗುತ್ತೆ, ಲೀಟರಿಗೆ ಯೂನಿಟ್ ಬೀಳುತ್ತೆ. ಅದಕ್ಕೇ ಎರಡು ಡಿಜಿ ಇರೋ ಕಡೆ ಚಿಕ್ಕದನ್ನ ರಾತ್ರಿಗೆ ಅಂತ ಇಡ್ತಾರೆ. ಲೋಡ್ ಸರಿಯಾಗಿದ್ದೂ 2.25 ಬಂದರೆ ಆಗ ಟ್ಯಾಂಕಿನ ಡೀಸೆಲ್ ಅಳೆಯೋ ಡಿಪ್ ಸ್ಟಿಕ್ ಹಿಡಿಯಿರಿ.

ಫೈರ್ ಪಂಪ್ ಪ್ಯಾನೆಲ್ ನೋಡೋದು ಮರೀಬೇಡಿ. ಸೆಲೆಕ್ಟರ್ ಸ್ವಿಚ್ ಆಟೋದಲ್ಲಿದೆಯಾ? ಅರ್ಧಕ್ಕರ್ಧ ಕಡೆ ಮ್ಯಾನುಯಲ್‌ನಲ್ಲೋ ಆಫ್‌ನಲ್ಲೋ ಇರುತ್ತೆ. ಕಾರಣ ಹೆಚ್ಚಾಗಿ ಒಂದೇ: ಲೈನಿನಲ್ಲಿ ಎಲ್ಲೋ ಸೋರಿಕೆ, ಅಥವಾ ಎನ್‌ಆರ್‌ವಿ (ನೀರು ವಾಪಸ್ ಹೋಗದ ಹಾಗೆ ತಡೆಯೋ ವಾಲ್ವ್) ಹಿಡೀತಿಲ್ಲ, ಪ್ರೆಷರ್ ಇಳೀತಾನೇ ಇರುತ್ತೆ, ಪ್ರೆಷರ್ ತುಂಬೋ ಚಿಕ್ಕ ಜಾಕಿ ಪಂಪ್ ಐದು ನಿಮಿಷಕ್ಕೊಂದು ಸಲ ಸ್ಟಾರ್ಟ್ ಆಗುತ್ತೆ, ಸದ್ದಿಗೆ ಬೇಸತ್ತು ಯಾರೋ ಆಫ್ ಮಾಡ್ತಾರೆ. ಬೆಂಕಿ ಬಿದ್ದ ದಿನ ಆ ಸ್ವಿಚ್ ತಿರುಗಿಸೋಕೆ ಬೇಸ್‌ಮೆಂಟಿಗೆ ಯಾರು ಓಡಬೇಕು? ಟೆರೇಸಿನ ಹೈಡ್ರಂಟ್‌ನಲ್ಲಿ ಗೇಜ್ ಹಾಕಿದರೆ ಚದರ ಸೆಂಟಿಮೀಟರಿಗೆ 3.5 ಕೆಜಿ ಪ್ರೆಷರ್ ಬರಬೇಕು.

ಕೊನೇದು, ಬಲೆ ಪ್ರಶ್ನೆ. "ರಾತ್ರಿ ಎಸ್‌ಟಿಪಿ ಸಬ್‌ಮರ್ಸಿಬಲ್ ಪಂಪ್ ಕೆಟ್ಟರೆ ಯಾರನ್ನ ಟ್ಯಾಂಕಿಗೆ ಇಳಿಸ್ತೀರಿ?" ಉತ್ತರ: ಯಾರನ್ನೂ ಇಳಿಸಲ್ಲ. ಗೈಡ್ ಪೈಪ್, ಚೈನ್ ಇದ್ದರೆ ಪಂಪ್ ಮೇಲಿನಿಂದಲೇ ಬರುತ್ತೆ, ಸ್ಟ್ಯಾಂಡ್‌ಬೈ ಪಂಪ್ ಓಡಿಸ್ತೀವಿ, ಅದೂ ಇಲ್ಲದಿದ್ದರೆ ಸಕ್ಕಿಂಗ್ ವಾಹನ ಕರೀತೀವಿ. ಮಲ ಹೊರುವ ಪದ್ಧತಿ ನಿಷೇಧಿಸೋ 2013ರ ಕಾಯ್ದೆಯಲ್ಲಿ ರಕ್ಷಣಾ ಸಾಮಗ್ರಿ ಇಲ್ಲದೆ ಸೆಪ್ಟಿಕ್ ಟ್ಯಾಂಕಿಗೆ ಮನುಷ್ಯನನ್ನ ಇಳಿಸಿದರೆ ಮೊದಲ ಸಲಕ್ಕೇ 2 ವರ್ಷದವರೆಗೆ ಜೈಲು, 2 ಲಕ್ಷದವರೆಗೆ ದಂಡ, ಅಥವಾ ಎರಡೂ. ಈ ಉತ್ತರ ಕೇಳಿ ಯಾರಾದರೂ ಮುಖ ಸಿಂಡರಿಸಿದರೆ ಅಲ್ಲಿಂದ ಎದ್ದು ಬನ್ನಿ. ಇದೊಂದರಲ್ಲಿ ರಾಜಿ ಇಲ್ಲ.

ಬಿಲ್ಲಿಂಗ್_ಶೀಟ್:

ಎಫ್‌ಎಂ ಕಂಪನಿ ಕಡೆಯಿಂದ ನೋಡಿದರೆ ಎಚ್‌ಆರ್ ಸಂಬಳ ಹೇಳದಿರುವುದಕ್ಕೆ ಕಾರಣ ಸರಳ. ಎಸ್ಟೇಟ್ ಮ್ಯಾನೇಜರ್ ಹುದ್ದೆಯ ದರ ಕಂಪನಿ ಮತ್ತು ಅಸೋಸಿಯೇಷನ್ ನಡುವಿನ ಬಿಲ್ಲಿಂಗ್ ಶೀಟಿನಲ್ಲಿ ಮೊದಲೇ ಕೂತಿರುತ್ತದೆ. ಅದರ ಮೇಲೆ ಮ್ಯಾನೇಜ್‌ಮೆಂಟ್ ಫೀ, ಅದರ ಮೇಲೆ ಜಿಎಸ್‌ಟಿ. ಎಚ್‌ಆರ್ ಕೈಯಲ್ಲಿ ಚೌಕಾಸಿಗೆ ಉಳಿದಿರುವುದು ಹೆಚ್ಚೆಂದರೆ ಒಂದೆರಡು ಸಾವಿರ. ಆದ್ದರಿಂದ "ಎಷ್ಟು ಕೊಡ್ತೀರಿ" ಎಂದು ಕೇಳಬೇಡಿ, "ಈ ಹುದ್ದೆಗೆ ಬಿಲ್ಲಿಂಗ್ ಶೀಟಿನಲ್ಲಿ ಎಷ್ಟು ಇದೆ, ಬ್ರೇಕಪ್ ಕಳಿಸಿ" ಎಂದು ಕೇಳಿ. ಎರಡನೇ ಸುತ್ತಿಗೆ ಮೊದಲೇ ಕೇಳಿ. ಮೂರು ಭಾನುವಾರ ಹಾಳಾದ ಮೇಲೆ ಕೇಳಿದರೆ ಆ ಭಾನುವಾರಗಳನ್ನು ಯಾರೂ ವಾಪಸ್ ಕೊಡುವುದಿಲ್ಲ.

45,000 ಸಿಟಿಸಿಯನ್ನು ಬಿಡಿಸೋಣ. ಬೇಸಿಕ್ ಅರ್ಧ, ಅಂದರೆ 22,500 ಎಂದುಕೊಳ್ಳಿ. ಕಂಪನಿ ಪಾಲಿನ ಪಿಎಫ್ ಅನ್ನು 15,000ದ ಮಿತಿಗೆ ಕಟ್ಟಿದರೆ 1,800, ಅದರ ಆಡಳಿತ ವೆಚ್ಚ ಮತ್ತು ಇನ್ಶೂರೆನ್ಸ್ 150. ಗ್ರಾಚ್ಯುಯಿಟಿ (ಕೆಲಸ ಬಿಡುವಾಗ ಸೇವಾವಧಿಯ ಲೆಕ್ಕದಲ್ಲಿ ಸಿಗುವ ಮೊತ್ತ) ಎಂದು ಬೇಸಿಕ್‌ನ ಶೇ. 4.81, ಅಂದರೆ 1,082. ಗ್ರೂಪ್ ಮೆಡಿಕಲ್ 500 ಎಂದು ಇಟ್ಟರೆ ಗ್ರಾಸ್ (ನಿಮ್ಮ ಕಡಿತಗಳಿಗೆ ಮುಂಚಿನ ಸಂಬಳ) 41,468ಕ್ಕೆ ಇಳಿಯಿತು. ಅದರಲ್ಲಿ ನಿಮ್ಮ ಪಾಲಿನ ಪಿಎಫ್ 1,800, ವೃತ್ತಿ ತೆರಿಗೆ 200 ಹೋಗಿ ಕೈಗೆ 39,468. ಫೆಬ್ರವರಿಯಲ್ಲಿ ವೃತ್ತಿ ತೆರಿಗೆ 300, ಹಾಗಾಗಿ ಆ ತಿಂಗಳು 100 ಕಡಿಮೆ. ಪಿಎಫ್ ಅನ್ನು ಪೂರ್ತಿ ಬೇಸಿಕ್ ಮೇಲೆ ಕಟ್ಟುವ ಕಂಪನಿಯಾದರೆ ಕೈಗೆ ಇನ್ನೂ ಸುಮಾರು 1,800 ಕಡಿಮೆ ಬರುತ್ತದೆ, ಆದರೆ ಆ ದುಡ್ಡು ನಿಮ್ಮ ಪಿಎಫ್ ಖಾತೆಯಲ್ಲೇ ಇರುತ್ತದೆ. ಸಿಟಿಸಿಯಲ್ಲಿ "ಯೂನಿಫಾರ್ಮ್", "ಟ್ರೈನಿಂಗ್", "ರಿಲೀವರ್ ಚಾರ್ಜ್" (ರಜೆ ಹಾಕಿದವರ ಬದಲಿಗೆ ಬರುವವರ ಖರ್ಚು) ಎಂಬ ಸಾಲುಗಳಿದ್ದರೆ ಅವು ಕ್ಲೈಂಟ್ ಬಿಲ್ಲಿನ ಸಾಲುಗಳು. ನಿಮ್ಮ ಸಂಬಳದೊಳಗೆ ಅವಕ್ಕೆ ಜಾಗವಿಲ್ಲ.

ಗ್ರಾಚ್ಯುಯಿಟಿ ಬಗ್ಗೆ ಒಂದು ಮಾತು. ಈ ಉದ್ಯಮದಲ್ಲಿ ಏಜೆನ್ಸಿ ಬದಲಾದಾಗ ಸೈಟಿನ ಜನ ಅಲ್ಲೇ ಉಳಿದು ಬ್ಯಾಡ್ಜ್ ಮಾತ್ರ ಬದಲಾಗುವುದು ಮಾಮೂಲಿ. ಬ್ಯಾಡ್ಜ್ ಬದಲಾದರೆ ಸೇವಾವಧಿಯ ಲೆಕ್ಕ ಹೊಸ ಕಂಪನಿಯಲ್ಲಿ ಸೊನ್ನೆಯಿಂದ ಶುರು. ತಿಂಗಳಿಗೆ 1,082 ಸಿಟಿಸಿಯಲ್ಲಿ ಕಡಿದದ್ದು ಕೈಗೆ ಬರದೇ ಹೋಗುವುದು ಹೀಗೆ.

ಇನ್ನೊಂದು ಪ್ರಶ್ನೆಯನ್ನು ಅಭ್ಯರ್ಥಿಗಳು ಕೇಳುವುದೇ ಇಲ್ಲ: ಅಸೋಸಿಯೇಷನ್ ಜೊತೆ ಕಂಪನಿಯ ಕಾಂಟ್ರ್ಯಾಕ್ಟ್ ಯಾವಾಗ ಮುಗಿಯುತ್ತದೆ, ನೋಟಿಸ್ 30 ದಿನವೋ 60 ದಿನವೋ? ಮುಗಿಯಲು ಎರಡು ತಿಂಗಳಿದ್ದರೆ ಈ ಇಂಟರ್‌ವ್ಯೂ ಬಹುಶಃ ಕ್ಲೈಂಟನ್ನು ಸಮಾಧಾನ ಮಾಡಲು ಒಂದು ಹೊಸ ಮುಖ ತೋರಿಸುವ ಏರ್ಪಾಟು. ಕಮಿಟಿ ಚುನಾವಣೆ ಹತ್ತಿರವಿದ್ದರೂ ಅಷ್ಟೇ, ಹೊಸ ಕಮಿಟಿ ಬರುವವರೆಗೆ ಯಾರೂ ಸಹಿ ಹಾಕುವುದಿಲ್ಲ. "ಆಯ್ಕೆ ಆಗಿದೆ, ಜಾಯಿನಿಂಗ್ ಡೇಟ್ ಹೇಳ್ತೀವಿ" ಎಂಬ ಮಾತು ಆರು ವಾರ ಎಳೆಯುವುದು ಇಂಥ ಕಡೆಯೇ. ಆಫರ್ ಲೆಟರ್ ಕಂಪನಿ ಲೆಟರ್‌ಹೆಡ್ಡಿನಲ್ಲಿ, ಸೈಟಿನ ಹೆಸರು ಹಾಗೂ ಸೇರುವ ದಿನಾಂಕದ ಸಮೇತ ಬರುವವರೆಗೆ ಇರುವ ಕೆಲಸಕ್ಕೆ ರಾಜೀನಾಮೆ ಕೊಡಬೇಡಿ. ಮಾರ್ಕ್ಸ್ ಕಾರ್ಡ್ ಒರಿಜಿನಲ್ ಯಾರಿಗೂ ಕೊಡಬೇಡಿ. "ಡಿಪಾಸಿಟ್" ಕೇಳಿದರೆ ಫೋನ್ ಇಡಿ.

ಆಪರೇಷನ್ಸ್ ಮ್ಯಾನೇಜರ್ ಸುತ್ತಿನಲ್ಲಿ ತಪ್ಪದೆ ಬರುವುದು ಮ್ಯಾನ್‌ಪವರ್ ಲೆಕ್ಕ. 8 ಸೆಕ್ಯುರಿಟಿ ಪೋಸ್ಟ್, ದಿನವಿಡೀ, 8 ಗಂಟೆಯ ಪಾಳಿ: ಎಷ್ಟು ಗಾರ್ಡ್ ಬೇಕು? 24 ಎಂದವರು ಅಲ್ಲೇ ಔಟ್. ವಾರದ ರಜೆಗೆ ಆರಕ್ಕೊಬ್ಬ ರಿಲೀವರ್ ಬೇಕು, ಒಟ್ಟು 28. ಕಮಿಟಿಯಲ್ಲಿ ಯಾರಾದರೂ "24 ಜನದಲ್ಲೇ ನಡೆಸಿ" ಎಂದರೆ ಅದರರ್ಥ ಮೂರ್ನಾಲ್ಕು ಜನ ದಿನಾ ಡಬಲ್ ಡ್ಯೂಟಿ, ಬೆಳಗಿನ ಜಾವ ಮೂರು ಗಂಟೆಗೆ ಗೇಟಿನಲ್ಲಿ ನಿದ್ದೆ. ಜೊತೆಗೆ ಇಎಸ್‌ಐ (ನೌಕರರ ಆರೋಗ್ಯ ವಿಮೆ) ಸಂಬಳ ಮಿತಿ 21,000, ಕಂಪನಿ ಪಾಲು ಶೇ. 3.25, ನೌಕರನದು ಶೇ. 0.75 ಎನ್ನುವುದು ಬಾಯಲ್ಲಿರಲಿ. 18,000 ಸಂಬಳದ ಹೌಸ್‌ಕೀಪಿಂಗ್ ಹೆಂಗಸಿಗೆ 585 ಮತ್ತು 135. ಅದು ಕಟ್ಟಿದ ಚಲನ್ ತೋರಿಸದ ಏಜೆನ್ಸಿಯ ಬಿಲ್ಲನ್ನು ಪಾಸ್ ಮಾಡುತ್ತೀರಾ ಎಂಬುದು ಮುಂದಿನ ಪ್ರಶ್ನೆ.

ಖಜಾಂಚಿ_ಬಿ_ಬ್ಲಾಕ್:

ಮೇಜಿನ ಆ ಕಡೆ ಕೂರುವವರ ಪರವಾಗಿ ಸ್ವಲ್ಪ. ಕಮಿಟಿಯವರು ಯಾರೂ ಈ ಕೆಲಸ ಕಲಿತು ಬಂದವರಲ್ಲ. ಸಾಫ್ಟ್‌ವೇರ್, ಬ್ಯಾಂಕು, ನಿವೃತ್ತರು. ಹಿಂದಿನ ಮ್ಯಾನೇಜರ್ ಹೋದ ಮೇಲೆ ಏನೇನು ಕೆಟ್ಟಿತೋ ಅದನ್ನೇ ಪ್ರಶ್ನೆ ಮಾಡಿ ಕೇಳುತ್ತಾರೆ. ಪ್ರಶ್ನೆಗಳನ್ನು ಗಮನಿಸಿದರೆ ಆ ಸೈಟಿನ ರೋಗ ಯಾವುದೆಂದು ಕೂತಲ್ಲೇ ಗೊತ್ತಾಗುತ್ತದೆ.

ಬಜೆಟ್ ವಿಷಯದಲ್ಲಿ ಕಮಿಟಿಯದೇ ತಪ್ಪು, ಒಪ್ಪಬೇಕು. ಹನ್ನೆರಡು ತಿಂಗಳ ಬೆಸ್ಕಾಂ ಬಿಲ್, ಟ್ಯಾಂಕರ್ ರಿಜಿಸ್ಟರ್, ಎಎಂಸಿ (ವಾರ್ಷಿಕ ನಿರ್ವಹಣೆ ಒಪ್ಪಂದ) ಪತ್ರಗಳು, ಬಾಕಿದಾರರ ಪಟ್ಟಿ ಕೈಯಲ್ಲಿಲ್ಲದೆ ಬರೆದ ಬಜೆಟ್ ಕಟ್ಟುಕಥೆ. ನಾಲ್ಕು ಅಭ್ಯರ್ಥಿಗಳಿಂದ ನಾಲ್ಕು ಬಜೆಟ್ ತರಿಸಿಕೊಂಡು ಅದನ್ನು ಈಗಿನ ವೆಂಡರ್ ಮುಂದೆ ಹಿಡಿದು ದರ ಇಳಿಸುವ ಕಮಿಟಿಗಳೂ ಇವೆ. ಹಾಗಾಗಿ ಒಂದು ಪುಟ ಮಾತ್ರ ಕೊಡಿ: ಖರ್ಚಿನ ತಲೆಬರಹಗಳು, ಪ್ರತಿಯೊಂದಕ್ಕೂ ಯಾವ ದಾಖಲೆ ಬೇಕು, ಮೊದಲ 30 ದಿನದಲ್ಲಿ ಏನು ಅಳೆಯುತ್ತೀರಿ. ಅಂಕಿ ಹಾಕಬೇಡಿ. ಒತ್ತಾಯ ಮಾಡಿದರೆ "ಇಲ್ಲೇ ಕೂತು ಮುಕ್ಕಾಲು ಗಂಟೆಯಲ್ಲಿ ಮಾಡ್ತೀನಿ, ಮೂರು ತಿಂಗಳ ನೀರು, ಕರೆಂಟಿನ ಲೆಕ್ಕ ಕೊಡಿ" ಅನ್ನಿ. ಸಾಮರ್ಥ್ಯ ನೋಡಲು ಅಷ್ಟು ಸಾಕು. ಸೈಟ್ ಆಡಿಟ್ ರಿಪೋರ್ಟ್ ಅಂತೂ ದುಡ್ಡು ಕೊಟ್ಟು ಮಾಡಿಸುವ ಕೆಲಸ, ಫೋಟೋ ಸಮೇತ ಮೇಲ್ ಮಾಡುವುದು ಬೇಡ. ಪಂಪ್‌ರೂಮ್ ಅವರು ಹೇಳಿದ ಹಾಗೆ ಬಾಯಲ್ಲಿ ಎರಡು ವಿಷಯ ಹೇಳಿದರೆ ಯಥೇಚ್ಛ.

ಜಿಎಸ್‌ಟಿ ಕೇಳುವವರು ನಾವೇ, ಖಜಾಂಚಿಗಳು. ಇದರಲ್ಲಿ ಹತ್ತರಲ್ಲಿ ಎಂಟು ಜನ ಜಾರುತ್ತಾರೆ, ಆದ್ದರಿಂದ ವಿವರವಾಗಿ ಬರೆಯುತ್ತೇನೆ. ಮಿತಿ ಎರಡಿವೆ. ಅಸೋಸಿಯೇಷನ್ನಿನ ವಾರ್ಷಿಕ ವಹಿವಾಟು 20 ಲಕ್ಷ ದಾಟಬೇಕು, ಜೊತೆಗೆ ಸದಸ್ಯರ ಮಾಸಿಕ ಮೇಂಟೆನೆನ್ಸ್ 7,500 ದಾಟಬೇಕು. ಎರಡೂ ಆದರೆ ಮಾತ್ರ ಶೇ. 18. ಚದರಡಿಗೆ 3.75 ದರ ಎಂದುಕೊಳ್ಳಿ. 1,300 ಚದರಡಿಯ ಮನೆಗೆ 4,875, ತೆರಿಗೆ ಇಲ್ಲ. 2,100 ಚದರಡಿಯ ಮನೆಗೆ 7,875, ತೆರಿಗೆ ಇದೆ. ಒಂದೇ ಕಟ್ಟಡ, ಎದುರುಬದುರು ಬಾಗಿಲು, ಒಬ್ಬರಿಗೆ ಉಂಟು ಒಬ್ಬರಿಗೆ ಇಲ್ಲ. ಒಬ್ಬರದೇ ಎರಡು ಫ್ಲ್ಯಾಟ್ ಇದ್ದರೆ 7,500ದ ಮಿತಿ ಒಂದೊಂದು ಫ್ಲ್ಯಾಟಿಗೂ ಬೇರೆ ಬೇರೆ.

ಇನ್ನು ಜಗಳದ ಜಾಗ. 7,875 ಪೂರ್ತಿಗೆ ತೆರಿಗೆಯೋ, ಹೆಚ್ಚಾದ 375ಕ್ಕೆ ಮಾತ್ರವೋ? 2019ರ ಜುಲೈನ ಕೇಂದ್ರ ಸುತ್ತೋಲೆ ಪೂರ್ತಿಗೆ ಅನ್ನುತ್ತದೆ: 1,417.50. ಮದ್ರಾಸ್ ಹೈಕೋರ್ಟ್ 2021ರಲ್ಲಿ ಹೆಚ್ಚಾದ ಮೊತ್ತಕ್ಕೆ ಮಾತ್ರ ಅಂದಿತು: 67.50. "ಎರಡೂ ವಾದ ಇವೆ, ಸಿಎ ಲಿಖಿತವಾಗಿ ಕೊಟ್ಟ ಅಭಿಪ್ರಾಯದಂತೆ ಬಿಲ್ ಮಾಡ್ತೀನಿ" ಅಂದವರಿಗೆ ಪೂರ್ತಿ ಅಂಕ. ಎಲ್ಲರಿಗೂ ಶೇ. 18 ಹಾಕ್ತೀನಿ ಅಂದವರನ್ನು ತೆಗೆದುಕೊಂಡರೆ ಮುಂದಿನ ಜಿಬಿಎಂನಲ್ಲಿ (ಸದಸ್ಯರ ಸಾಮಾನ್ಯ ಸಭೆ) ಕುರ್ಚಿ ಹಾರುತ್ತದೆ.

ನಾಯಿಯ ಪ್ರಶ್ನೆ ಬಂದರೆ ಪಕ್ಷ ಹಿಡಿಯಬೇಡಿ. ಕಮಿಟಿಯೊಳಗೇ ಎರಡು ಬಣ ಇರುತ್ತದೆ, ನಿಮ್ಮ ಉತ್ತರ ಯಾವ ಬಣಕ್ಕೆ ಬೀಳುತ್ತದೆ ಅಂತ ಎರಡೂ ಕಡೆ ಕಾದಿರುತ್ತಾರೆ. 2023ರ ಪ್ರಾಣಿ ಸಂತಾನ ನಿಯಂತ್ರಣ ನಿಯಮಗಳ ಪ್ರಕಾರ ಆವರಣದ ಬೀದಿನಾಯಿಗಳಿಗೆ ಊಟ ಹಾಕುವ ಜಾಗ, ಹೊತ್ತು ಗೊತ್ತುಮಾಡುವ ಹೊಣೆ ನಿವಾಸಿಗಳ ಸಂಘದ್ದು. "ಕಮಿಟಿ ಲಿಖಿತ ನಿರ್ಣಯ ಮಾಡಿದರೆ ಜಾರಿ ಮಾಡ್ತೀನಿ" ಅಂದು ನೀರು ಕುಡಿಯಿರಿ.

ಅಭ್ಯರ್ಥಿಗಳನ್ನು ಬಿಡುವುದಕ್ಕೆ ನಿಜವಾದ ಕಾರಣಗಳು ಬೇರೆಯೇ. ಹಿಂದಿನ ಸೈಟಿನ ಕಮಿಟಿಯನ್ನು ಬೈದರೆ ಮುಗಿಯಿತು. ಎಲ್ಲದಕ್ಕೂ "ಆಗುತ್ತೆ ಸರ್" ಅಂದರೂ ಅನುಮಾನ ಬರುತ್ತದೆ. 52 ವಾರದ ಪಿಪಿಎಂ (ಯಂತ್ರಗಳು ಕೆಡುವ ಮೊದಲೇ ಮಾಡುವ ನಿಗದಿತ ನಿರ್ವಹಣೆ) ಚಾರ್ಟ್ ಅಂದರೇನು ಅಂತ ಕೇಳಿದಾಗ ಬರೀ ಲಿಫ್ಟ್ ಎಎಂಸಿ ಹೇಳಿ ನಿಲ್ಲಿಸುವವರೂ ಹಾಗೇ.

ಗೇಟ್‌ಪಾಸ್:

ಖಜಾಂಚಿ ಸಾರ್, ಎಲ್ಲಾ ಸರಿ. ಆದರೆ ಏಳು ಜನ ಯಾಕೆ? ಇಬ್ಬರು ಸಾಕು. ಭಾನುವಾರ ಹನ್ನೊಂದಕ್ಕೆ ಬಾ ಅಂದು ಹನ್ನೆರಡೂವರೆಗೆ ಒಳಗೆ ಕರೆಯೋದು, "ನಮ್ಮ ಮನೆ ಗೀಸರ್ ಸ್ವಲ್ಪ ನೋಡ್ತೀರಾ" ಅಂತ ಕೇಳೋದು, ಇದೆಲ್ಲ ಯಾವ ರೌಂಡು? ಗೀಸರ್ ಪ್ರಶ್ನೆಗೆ ಉತ್ತರ: ಫ್ಲ್ಯಾಟಿನೊಳಗಿನ ಕೆಲಸಕ್ಕೆ ರೇಟ್ ಕಾರ್ಡ್ ಇರಬೇಕು, ಆ್ಯಪ್‌ನಲ್ಲಿ ಟಿಕೆಟ್ ಹಾಕಬೇಕು, ಟೆಕ್ನಿಷಿಯನ್ ಡ್ಯೂಟಿ ಹೊತ್ತಲ್ಲಿ ಪುಕ್ಕಟೆ ಹೋಗಂಗಿಲ್ಲ. ಇದನ್ನ ಇಂಟರ್‌ವ್ಯೂನಲ್ಲೇ ನಗುನಗ್ತಾ ಹೇಳಿಬಿಡಿ. ಸೇರಿದ ಮೇಲೆ ಹೇಳಿದರೆ ವೈರಿ ಆಗ್ತೀರಿ.

ಉಣಕಲ್_ಕೆರಿ:

ಇದು ಬೆಂಗಳೂರಿನ ಮಾತಾತು. ಹುಬ್ಬಳ್ಳಿ-ಧಾರವಾಡ ಕಡೆ 40-50 ಮನಿ ಅಪಾರ್ಟ್‌ಮೆಂಟಿನಾಗ ಕಂಪನಿ ಇಲ್ಲ, ಎಚ್‌ಆರ್ ಇಲ್ಲ, ಸೆಕ್ರೆಟರಿ ಮನ್ಯಾಗ ಚಾ ಕುಡಕೊಂತ ಇಂಟರ್‌ವ್ಯೂ ಮುಗೀತೈತಿ. ತ್ರಾಸು ಬ್ಯಾರೆ ಥರಾ. ಮ್ಯಾನೇಜರ್ ಅಂತ ಕರದು ಪ್ಲಂಬರ್, ಎಲೆಕ್ಟ್ರೀಷಿಯನ್, ವಸೂಲಿ ಮಾಡಾಂವ ಎಲ್ಲಾ ಒಬ್ಬನ ಆಗಬೇಕಂತಾರ. ಅಲ್ಲಿ ಎರಡ ಕೇಳ್ರಿ. ಸಂಘ ರಿಜಿಸ್ಟರ್ ಆಗೇತೇನು, ಯಾವ ಕಾಯ್ದೆದಾಗ, 1972ರ ಅಪಾರ್ಟ್‌ಮೆಂಟ್ ಕಾಯ್ದೆಯೋ 1960ರ ಸೊಸೈಟಿ ಕಾಯ್ದೆಯೋ? ಪಗಾರ ಸಂಘದ ಬ್ಯಾಂಕ್ ಖಾತೆಯಿಂದ ಬರತೈತೋ, ಬಿಲ್ಡರ್ ಕಿಸೆಯಿಂದೋ? ಬಿಲ್ಡರ್ ಇನ್ನಾ ಹ್ಯಾಂಡೋವರ್ ಮಾಡಿಲ್ಲಂದ್ರ ಬಾಕಿ ಕೆಲಸದ ಬೈಗುಳ ಎಲ್ಲಾ ಮ್ಯಾನೇಜರಿಗೆ. ರೇರಾ (ರಿಯಲ್ ಎಸ್ಟೇಟ್) ಕಾಯ್ದೆದಾಗ ಸ್ವಾಧೀನ ಕೊಟ್ಟ 5 ವರ್ಷದ ಒಳಗ ಕಟ್ಟಡದ ದೋಷ ಬಂದ್ರ ಬಿಲ್ಡರ್‌ನ 30 ದಿನದಾಗ ಪುಕ್ಕಟೆ ಸರಿಮಾಡಿ ಕೊಡಬೇಕಂತೈತಿ. ಸೀಪೇಜ್ ಪ್ರಶ್ನೆ ಕೇಳಿದ್ರ ಮೊದಲು ಸ್ವಾಧೀನದ ತಾರೀಖು ಕೇಳ್ರಿ, ಆಮ್ಯಾಲೆ ವಾಟರ್‌ಪ್ರೂಫಿಂಗ್ ಮಾತು.

ಸಂಪು_ಮೋಟಾರು:

ಎಲ್ಲರಿಗೂ ಥ್ಯಾಂಕ್ಸ್. ಬಜೆಟ್‌ಗೆ ಒಂದೇ ಪುಟ, ಅಂಕಿ ಇಲ್ಲ ಅಂತ ಗಟ್ಟಿಮಾಡಿಕೊಂಡಾಯ್ತು. ಉಳಿದದ್ದು ಎರಡು. ಲಾಗ್‌ಬುಕ್ "ಕಾನ್ಫಿಡೆನ್ಷಿಯಲ್" ಅಂತ ತೋರಿಸದಿದ್ದರೆ? ಮತ್ತೆ ಸೇರಿದ ಮೇಲೆ ಹಿಂದಿನವರ ಲೆಕ್ಕ ಹೊಸಬರ ತಲೆಗೆ ಬರದ ಹಾಗೆ ಮೊದಲ ದಿನ ಏನು ಮಾಡಬೇಕು?

ಪಂಪ್‌ರೂಮ್_ಕೀಲಿ:

ಲಾಗ್‌ಬುಕ್ ತೋರಿಸದಿದ್ದರೆ ಗೋಡೆ ನೋಡಿ. ಲಿಫ್ಟ್ ಲೈಸೆನ್ಸ್ ಪ್ರತಿ ಹಾಕಿದಾರಾ, ಅವಧಿ ಇದೆಯಾ? ಅಗ್ನಿಶಾಮಕ ಸಿಲಿಂಡರಿನ ಚೀಟಿಯಲ್ಲಿ ರೀಫಿಲ್ ತಾರೀಖು, ಗೇಜಿನ ಮುಳ್ಳು ಹಸಿರಿನಲ್ಲಿದೆಯಾ? ಎಲೆಕ್ಟ್ರಿಕಲ್ ರೂಮಿನಲ್ಲಿ ರಬ್ಬರ್ ಮ್ಯಾಟ್ ಇದೆಯೋ, ಹಳೇ ಸೋಫಾ, ಪೇಂಟ್ ಡಬ್ಬ ತುಂಬಿದಾರೋ? ಹತ್ತು ನಿಮಿಷದ ಕೆಲಸ, ಯಾರ ಅನುಮತಿಯೂ ಬೇಡ. ಕಮಿಟಿಗೆ ಒಂದು ಪ್ರಶ್ನೆ ಮಾತ್ರ ಕೇಳಿ: ಮಾಲಿನ್ಯ ನಿಯಂತ್ರಣ ಮಂಡಳಿಯ ಕನ್ಸೆಂಟ್ (ಅನುಮತಿ ಪತ್ರ) ಯಾರ ಹೆಸರಲ್ಲಿದೆ, ಯಾವ ತಾರೀಖಿನವರೆಗೆ? ಇನ್ನೂ ಬಿಲ್ಡರ್ ಹೆಸರಲ್ಲೇ ಇದ್ದರೆ ಅಥವಾ ಅವಧಿ ಮುಗಿದಿದ್ದರೆ ಸೇರಿದ ಮೊದಲ ತಿಂಗಳು ಅದರ ಹಿಂದೆಯೇ ಓಡಾಟ. ಸಂಬಳದ ಮಾತಿಗೆ ಮೊದಲೇ ಗೊತ್ತಿದ್ದರೆ ಒಳ್ಳೇದು.

ಮೊದಲ ದಿನ ಬೆಳಿಗ್ಗೆ, ಟೀ ಕುಡಿಯೋಕೂ ಮುಂಚೆ, ಮೀಟರ್‌ಗಳ ಫೋಟೋ. ಬೆಸ್ಕಾಂ ಕಾಮನ್ ಮೀಟರ್, ಎರಡೂ ಡಿಜಿಯ ಅವರ್ ಮೀಟರ್ (ಓಡಿದ ಗಂಟೆ ತೋರಿಸೋದು) ಹಾಗೂ ಯೂನಿಟ್ ಮೀಟರ್, ಬೋರ್‌ವೆಲ್, ಕಾವೇರಿ, ಎಸ್‌ಟಿಪಿ ಫ್ಲೋ ಮೀಟರ್. ಟ್ಯಾಂಕರ್ ರಿಜಿಸ್ಟರಿನ ಕೊನೇ ಸಾಲಿನ ಕೆಳಗೆ ಗೆರೆ ಎಳೆದು ಸಹಿ ಮಾಡಿಸಿ. ಟ್ಯಾಂಕರ್ 12,000 ಲೀಟರ್ ಅಂತ ಬಿಲ್ ಬರ್ತಿದ್ದರೆ ಮೊದಲ ಲೋಡ್ ಬಂದಾಗ ಸಂಪಿನ ಮಟ್ಟ ಮುಂಚೆ ಎಷ್ಟಿತ್ತು, ಆಮೇಲೆ ಎಷ್ಟಾಯ್ತು ಅಂತ ಟೇಪ್ ಇಟ್ಟು ಅಳೆಯಿರಿ. 5 ಮೀಟರ್ ಉದ್ದ 4 ಮೀಟರ್ ಅಗಲದ ಸಂಪಾದರೆ 12,000 ಲೀಟರಿಗೆ ಮಟ್ಟ 60 ಸೆಂಟಿಮೀಟರ್ ಏರಬೇಕು, 50 ಏರಿದರೆ ಬಂದದ್ದು 10,000. ಅಳೆಯುವಾಗ ಸಂಪಿನಿಂದ ಮೇಲಕ್ಕೆ ಎತ್ತುವ ಮೋಟಾರು ಆಫ್ ಇರಲಿ, ಇಲ್ಲದಿದ್ದರೆ ಅಳತೆ ತಪ್ಪಿ ಡ್ರೈವರ್ ಜೊತೆ ಸುಮ್ಮನೆ ಜಗಳ ಆಗುತ್ತೆ.

ಪೆಟ್ಟಿ ಕ್ಯಾಶ್ ಎಣಿಸಿ, ವೋಚರ್ ಸಮೇತ. ಕೀಲಿಗಳನ್ನ ಟ್ಯಾಗ್ ನೋಡಿ ಒಂದೊಂದಾಗಿ ಬೀಗಕ್ಕೆ ಹಾಕಿ ತೆಗೆದು ನೋಡಿ. ಆ್ಯಪ್‌ನ ಅಡ್ಮಿನ್ ಲಾಗಿನ್ ಹಿಂದಿನವರ ಫೋನ್ ನಂಬರಿಗೆ ಇದ್ದರೆ ಅವತ್ತೇ ಬದಲಿಸಿ. ಇಷ್ಟನ್ನೂ ಒಂದು ಹಾಳೆಯಲ್ಲಿ ಬರೆದು ಸೆಕ್ರೆಟರಿ ಹಾಗೂ ಕಂಪನಿಯ ಆಪರೇಷನ್ಸ್ ಮ್ಯಾನೇಜರ್ ಇಬ್ಬರ ಸಹಿ ಹಾಕಿಸಿ, ಒಂದು ಪ್ರತಿ ನಿಮ್ಮ ಮೇಲ್‌ನಲ್ಲಿರಲಿ.

ಡೀಸೆಲ್ ಮಾತ್ರ ಬೇರೆಯವರ ಎದುರಿಗೇ ಅಳೆಯಿರಿ. 990 ಲೀಟರ್ ಟ್ಯಾಂಕ್ ಆದರೆ ಡಿಪ್ ಸ್ಟಿಕ್ಕನ್ನ ಒಣಬಟ್ಟೆಯಲ್ಲಿ ಒರೆಸಿ, ನೇರ ಇಳಿಸಿ, ತಳ ಮುಟ್ಟಿದ ತಕ್ಷಣ ತೆಗೆದು ಓದಬೇಕು. ಡಿಜಿ ನಿಂತು ಅರ್ಧ ಗಂಟೆ ಆಗಿರಲಿ, ವಾಪಸ್ ಬರೋ ಡೀಸೆಲ್ ಅಲೆ ಏಳಿಸ್ತಿರುತ್ತೆ. ಕಡ್ಡಿಯ ತುದಿಗೆ ವಾಟರ್ ಫೈಂಡಿಂಗ್ ಪೇಸ್ಟ್ ಹಚ್ಚಿ ಇಳಿಸಿದರೆ ತಳದಲ್ಲಿ ನೀರಿದ್ದಷ್ಟು ಎತ್ತರಕ್ಕೆ ಬಣ್ಣ ಬದಲಾಗುತ್ತೆ. ಲೆಕ್ಕದಲ್ಲಿ 600 ಲೀಟರ್ ಡೀಸೆಲ್ ಅಂತ ಬರೆದಿದ್ದರಲ್ಲಿ ನೀರೆಷ್ಟು ಅಂತ ಅವತ್ತೇ ಹಾಳೆಗೆ ಹೋಗಲಿ.